ಮರುಮದುವೆ ಆದ್ರೆ ಗಂಡನ ಆಸ್ತಿ ಹೋಗುತ್ತಾ?

ನಾನು ಕೌಟುಂಬಿಕ ಕೇಸುಗಳನ್ನ ನೋಡೋ ವಕೀಲೆ. ಗುರುತು ಸಿಗಬಾರದು ಅಂತ ವಿವರ ಸ್ವಲ್ಪ ಬದಲಾಯಿಸಿ ಹೇಳ್ತಿದೀನಿ. ಹೋದ ವರ್ಷ ಐವತ್ತೆರಡು ವಯಸ್ಸಿನ ಅಮ್ಮ, ಜೊತೆಗೆ ಮಗ, ಇಬ್ಬರೂ ಆಫೀಸಿಗೆ ಬಂದ್ರು. ಪ್ಲಾಸ್ಟಿಕ್ ಕವರಲ್ಲಿ ಪಹಣಿ, ಗಂಡನ ಡೆತ್ ಸರ್ಟಿಫಿಕೇಟ್, ವಂಶವೃಕ್ಷ ಎಲ್ಲ ನೀಟಾಗಿ ಇಟ್ಕೊಂಡು ಬಂದಿದ್ರು. ಮಾತೆಲ್ಲ ಮಗಂದೇ. "ಅವ್ವ ಇನ್ನೊಂದು ಮದುವೆ ಆಗ್ತೀನಿ ಅಂತಾಳೆ ಮೇಡಂ, ಆದ್ರೆ ಪಹಣಿಯಿಂದ ಹೆಸರು ತೆಗೀಬೇಕಲ್ವಾ?" ಆಯಮ್ಮ ಕವರಿನ ಅಂಚು ಮಡಚ್ತಾ ಕೂತಿದ್ರು, ನನ್ನ ಮುಖಾನೂ ನೋಡ್ಲಿಲ್ಲ.

ಇಂಥ ಮನೆಗಳಲ್ಲಿ ಮೊದ್ಲು ಬರೋ ಮಾತು "ಮೊಮ್ಮಕ್ಕಳನ್ನ ಆಡಿಸೋ ವಯಸ್ಸಲ್ಲಿ ಇದೇನು", "ಊರಲ್ಲಿ ತಲೆ ಎತ್ಕೊಂಡು ಓಡಾಡೋಕಾಗುತ್ತಾ" ಅನ್ನೋದು. ಆದ್ರೆ ಇಷ್ಟು ವರ್ಷ ನೋಡಿದ್ದರಲ್ಲಿ ಹೇಳ್ತೀನಿ, ಮರ್ಯಾದೆ ಮಾತಿನ ಹಿಂದೆ ಬಹಳ ಸಲ ಜಮೀನಿನ ಭಯ ಇರುತ್ತೆ. ಮರ್ಯಾದೆ ಬಗ್ಗೆ ನಾನೇನು ಮಾಡೋಕಾಗಲ್ಲ, ಜಮೀನಿನ ಭಯಕ್ಕೆ ಉತ್ತರ ಇದೆ. ಆದ್ರೂ ಒಂದು ಮಾತು ಹೇಳ್ಬೇಕು, ನಮ್ಮ ಕಡೆ ಎಷ್ಟೋ ಸಮುದಾಯಗಳಲ್ಲಿ ಉಡಿಕೆ ಅಂತ ಇತ್ತು, ಗಂಡ ಸತ್ತವಳಿಗೆ ಸೀರೆ ಉಡಿಸಿ ಕರ್ಕೊಂಡು ಹೋಗೋರು, ಇದು ನಿನ್ನೆ ಮೊನ್ನೆ ಬಂದಿದ್ದಲ್ಲ.

ಆ ಭಯ ಸುಮ್ನೆ ಹುಟ್ಟಿದ್ದೂ ಅಲ್ಲ. 1856ರ ವಿಧವಾ ಮರುವಿವಾಹ ಕಾಯ್ದೆ ಮದುವೆಗೆ ಅನುಮತಿ ಕೊಡ್ತು, ಆದ್ರೆ ಅದರ ಎರಡನೇ ಸೆಕ್ಷನ್ನಲ್ಲೇ ಮರುಮದುವೆ ಆದವಳು ಸತ್ತಳು ಅಂತ ಲೆಕ್ಕ ಹಾಕಿ ಮೊದಲ ಗಂಡನ ಆಸ್ತಿ ವಾಪಸ್ ತಗೊಳ್ತು. ಕಾನೂನು ಬದಲಾದ್ರೂ ಜನರ ಮನಸ್ಸಲ್ಲಿ ಅದೇ ಉಳ್ಕೊಂಡಿದೆ. ಈಗ ನಡೆಯೋದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ. ಗಂಡ ವಿಲ್ ಬರೀದೆ ತೀರಿಕೊಂಡ್ರೆ ಅವತ್ತೇ ಹೆಂಡತಿಗೆ, ಪ್ರತಿ ಮಗುವಿಗೆ, ಅವನ ತಾಯಿ ಇದ್ರೆ ತಾಯಿಗೂ ಸಮಪಾಲು, ಹೆಂಡತಿ ಆ ಪಾಲಿಗೆ ಪೂರ್ತಿ ಒಡತಿ. ಆಮೇಲೆ ಅವಳು ಮದುವೆ ಆದ್ರೂ ಅದು ಹೋಗಲ್ಲ, 2008ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಆ ಹಳೇ ಕಾಯ್ದೆ 1983ರಲ್ಲೇ ರದ್ದಾಗಿದೆ.

ಇವರದ್ದು ಗಂಡ ಸ್ವಂತ ದುಡಿಮೆಲಿ ಕೊಂಡಿದ್ದ ನಾಲ್ಕು ಎಕರೆ ಇಪ್ಪತ್ತು ಗುಂಟೆ, ಅತ್ತೆ ಮೊದ್ಲೇ ಇಲ್ಲ, ಮಗ ಮಗಳು ಇಬ್ಬರು, ಅಂದ್ರೆ ಆಯಮ್ಮಂಗೆ ಒಂದು ಎಕರೆ ಇಪ್ಪತ್ತು ಗುಂಟೆ. ಪೌತಿ ಖಾತೆ, ಅಂದ್ರೆ ತೀರಿಕೊಂಡೋರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗಿ ಪಹಣಿಲಿ ಮೂವರ ಹೆಸರೂ ಇತ್ತು. ಪಿತ್ರಾರ್ಜಿತ ಆಗಿದ್ರೆ ಲೆಕ್ಕ ಬೇರೆ, ಬೇರೆ ಧರ್ಮದೋರಿಗೆ ಕಾನೂನೇ ಬೇರೆ.

ಇಷ್ಟು ಹೇಳಿದ್ಮೇಲೆ ಮಗ ಕೇಳಿದ ಪ್ರಶ್ನೆ ನಿಜಕ್ಕೂ ಸರಿಯಾದ ಪ್ರಶ್ನೆ: "ನಾಳೆ ಅವ್ವ ಹೋದ್ಮೇಲೆ ಆ ಮನುಷ್ಯ ಪಾಲು ಕೇಳಿದ್ರೆ?" ಕೇಳಬಹುದು. ಹೆಂಗಸು ವಿಲ್ ಇಲ್ದೆ ತೀರಿಕೊಂಡ್ರೆ ಅವಳ ಆಸ್ತಿ ಮಕ್ಕಳಿಗೂ ಆಗ ಬದುಕಿರೋ ಗಂಡನಿಗೂ ಸಮವಾಗಿ ಹೋಗುತ್ತೆ, ಅದೇ 1956ರ ಕಾಯ್ದೆಯ 15ನೇ ಸೆಕ್ಷನ್ ಹಾಗೇ ಇದೆ. ಮಕ್ಕಳ ಸಿಟ್ಟನ್ನ ಬರೀ ಸ್ವಾರ್ಥ ಅಂತ ತಳ್ಳಿಹಾಕೋರಿಗೆ ಇದು ಗೊತ್ತಿರಲ್ಲ. ಆದ್ರೆ ಇದಕ್ಕೆ ಮದುವೆ ನಿಲ್ಲಿಸೋ ಅಗತ್ಯ ಇಲ್ಲ, ಒಂದು ವಿಲ್ ಸಾಕು. ಅದಕ್ಕೆ ಸ್ಟಾಂಪ್ ಪೇಪರ್ ಬೇಡ, ಅವಳ ಸಹಿ ಮತ್ತು ಅದನ್ನ ನೋಡಿ ಸಹಿ ಹಾಕೋ ಇಬ್ಬರು ಸಾಕ್ಷಿ ಬೇಕು, ಆ ಸಾಕ್ಷಿಗಳು ಆಸ್ತಿ ಸಿಗೋರು ಆಗಿರದಿದ್ರೆ ಒಳ್ಳೇದು. ರಿಜಿಸ್ಟರ್ ಕಡ್ಡಾಯ ಅಲ್ಲ, ಮಾಡಿಸಿ ಅಂತ ನಾನು ಯಾವಾಗ್ಲೂ ಹೇಳ್ತೀನಿ. ಮದುವೆಗೆ ಮುಂಚೆ ಹಕ್ಕು ಬಿಡುಗಡೆ ಪತ್ರ ಮಾಡ್ಕೊಡು ಅಂತ ತಾಯಿ ಕೈಹಿಡಿದು ಸಹಿ ಹಾಕಿಸೋದನ್ನ ಮಾತ್ರ ನಾನು ಒಪ್ಪಲ್ಲ, ಹೊಸ ಮನೇಲಿ ಏನಾದ್ರೂ ಆದ್ರೆ ಆಕೆಗೆ ಕಾಲೂರೋಕೆ ಏನು ಉಳಿಯುತ್ತೆ? ವಿಲ್ ಆದ್ರೆ ಬದುಕಿರೋವರೆಗೂ ಆಸ್ತಿ ಅವಳದ್ದೇ, ಬೇಕಾದ್ರೆ ಬದಲಾಯಿಸಬಹುದು. ಇನ್ನು ವಿಧವಾ ವೇತನ, ಫ್ಯಾಮಿಲಿ ಪೆನ್ಷನ್ ಬರ್ತಿದ್ರೆ ಮದುವೆ ಆದ್ಮೇಲೆ ಸಾಮಾನ್ಯವಾಗಿ ನಿಲ್ಲುತ್ತೆ, ಇಲಾಖೆಯಲ್ಲಿ ಮೊದ್ಲೇ ಕೇಳ್ಕೊಳ್ಳಿ.

ಮಗನ್ನ ಹೊರಗೆ ಕೂರಿಸಿ ಆಯಮ್ಮನ್ನ ಒಬ್ಬರನ್ನೇ ಕೇಳಿದೆ, ಏನು ಬರೀಲಿ ಅಂತ. ಅವತ್ತು ಮೊದಲ ಸಲ ಬಾಯಿ ಬಿಟ್ರು. ಜಮೀನು ಮಕ್ಕಳಿಗೇ ಬರೀರಿ, ಮನೇಲಿರೋ ಪಾತ್ರೆ ಸೊಸೆಗೆ. "ಹೊಲಿಗೆ ಮಷೀನು ಮಾತ್ರ ಬರೀಬೇಡ್ರಿ ಮೇಡಂ, ಅದನ್ನ ನಾನು ಜೊತೆಗೆ ತಗೊಂಡು ಹೋಗ್ತೀನಿ."