ತೆರಿಗೆ ಸೊನ್ನೆ, ಶುಲ್ಕ ಹನ್ನೆರಡು ಸಾವಿರ: ವಿಳಂಬ ದಂಡ ನಡೆದು ಬಂದ ದಾರಿ

ದಾವಣಗೆರೆಯ ಮಂಡಿಪೇಟೆ ಸುತ್ತಮುತ್ತಲಿನ ತೆರಿಗೆ ಸಲಹೆಗಾರರಿಗೆ ತಿಂಗಳ 20ನೇ ತಾರೀಕು ಎಂದರೆ ಊಟ ತಪ್ಪುವ ದಿನ. ಹಿಂದಿನ ತಿಂಗಳ ಜಿಎಸ್‌ಟಿ ರಿಟರ್ನ್‌ಗೆ, ಅಂದರೆ ವ್ಯವಹಾರ ಮತ್ತು ತೆರಿಗೆಯ ಲೆಕ್ಕ ಒಪ್ಪಿಸುವುದಕ್ಕೆ, ಬಹುತೇಕರಿಗೆ ಅದೇ ಗಡುವು. ರಾತ್ರಿ ಹನ್ನೆರಡು ದಾಟಿತೋ, ಶುಲ್ಕದ ಲೆಕ್ಕ ಶುರು.

ಮೊದಲು ಲೆಕ್ಕ ಹೀಗಿರಲಿಲ್ಲ. 1957ರ ರಾಜ್ಯ ಮಾರಾಟ ತೆರಿಗೆ ಕಾಯ್ದೆಯ ಕಾಲ ಮುಗಿದು 2005ರ ಏಪ್ರಿಲ್‌ನಲ್ಲಿ ವ್ಯಾಟ್ (ಮೌಲ್ಯವರ್ಧಿತ ತೆರಿಗೆ) ಬಂತು. ಆಗ ದಂಡವನ್ನು ಮುಖ್ಯವಾಗಿ ಬಾಕಿ ತೆರಿಗೆಯ ಶೇಕಡಾವಾರು ಲೆಕ್ಕದಲ್ಲಿ ಹಾಕುತ್ತಿದ್ದರು. ಬಾಕಿ ದೊಡ್ಡದಿದ್ದರೆ ದಂಡವೂ ದೊಡ್ಡದು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ತೆರಿಗೆ ಬಾಕಿಯ ಮೇಲೆ ವರ್ಷಕ್ಕೆ ಶೇ 18ರ ಬಡ್ಡಿ ನಿಗದಿಯಾಯಿತು. ಅದರ ಜತೆಗೆ ರಿಟರ್ನ್ ತಡವಾದದ್ದಕ್ಕೇ ದಿನಗಳ ಲೆಕ್ಕದ ಶುಲ್ಕವೊಂದು ಸೇರಿಕೊಂಡಿತು. ಕೇಂದ್ರದ ಪಾಲು ದಿನಕ್ಕೆ 100 ರೂಪಾಯಿ, ರಾಜ್ಯದ ಪಾಲು ಇನ್ನೊಂದು 100. ಒಂದು ರಿಟರ್ನ್‌ಗೆ ಒಟ್ಟು 10,000 ರೂಪಾಯಿವರೆಗೆ ಏರಬಹುದಿತ್ತು.

ಆರಂಭದ ತಿಂಗಳುಗಳಲ್ಲಿ ಪೋರ್ಟಲ್ಲೇ ತೆರೆದುಕೊಳ್ಳುತ್ತಿರಲಿಲ್ಲ. ಜುಲೈನಿಂದ ಸೆಪ್ಟೆಂಬರ್‌ವರೆಗಿನ ಶುಲ್ಕವನ್ನು ಮನ್ನಾ ಮಾಡಿ, ಅಕ್ಟೋಬರ್‌ನ ರಿಟರ್ನ್‌ನಿಂದ ದಿನಕ್ಕೆ 50 ರೂಪಾಯಿಗೆ ಇಳಿಸಿದರು. ವ್ಯವಹಾರವೇ ಇಲ್ಲದ ‘ನಿಲ್’ ರಿಟರ್ನ್‌ಗೆ ದಿನಕ್ಕೆ 20 ರೂಪಾಯಿ. ಇಪ್ಪತ್ತು ರೂಪಾಯಿ ಏನು ಮಹಾ ಎನ್ನಿಸಬಹುದು.

ನನಗೆ ಪರಿಚಯದ ಸೀರೆ ವ್ಯಾಪಾರಿಯೊಬ್ಬರು ಆ ವರ್ಷ ನಷ್ಟ ತಾಳಲಾರದೆ ಅಂಗಡಿ ಮುಚ್ಚಿದರು. ಮಾರಾಟವೇ ಇಲ್ಲದ ಮೇಲೆ ರಿಟರ್ನ್ ಏಕೆ ಎಂದುಕೊಂಡು ಆರು ತಿಂಗಳು ಸುಮ್ಮನಿದ್ದರು. ನೋಂದಣಿ ಜೀವಂತವಿರುವವರೆಗೆ ನಿಲ್ ರಿಟರ್ನ್ ಕೂಡ ಕಡ್ಡಾಯ ಎಂಬುದು ಅವರಿಗೆ ಗೊತ್ತಿರಲಿಲ್ಲ. ಒಂದು ತಿಂಗಳದ್ದು ಬಿಟ್ಟು ಮುಂದಿನದನ್ನು ಹಾಕಲು ಪೋರ್ಟಲ್ ಬಿಡುವುದಿಲ್ಲ. ಎಲ್ಲವನ್ನೂ ಸಾಲಾಗಿ ಹಾಕಲು ಕುಳಿತಾಗ ಕೊನೆಯ ರಿಟರ್ನ್‌ಗೆ 30 ದಿನ, ಅದರ ಹಿಂದಿನದಕ್ಕೆ 60, ಹೀಗೆ ಮೊದಲನೆಯದಕ್ಕೆ 180. ಕೂಡಿದರೆ ಸುಮಾರು 630 ದಿನ, 12,600 ರೂಪಾಯಿ. ಸರ್ಕಾರಕ್ಕೆ ಅವರು ಕೊಡಬೇಕಿದ್ದ ತೆರಿಗೆ ಒಂದು ರೂಪಾಯಿಯೂ ಇರಲಿಲ್ಲ. ಶುಲ್ಕವನ್ನು ಹೂಡುವಳಿ ತೆರಿಗೆ ಜಮೆಯಿಂದ (ಖರೀದಿಯ ವೇಳೆ ಕಟ್ಟಿದ ತೆರಿಗೆಗೆ ಸಿಗುವ ಜಮೆ) ಕಳೆದುಕೊಳ್ಳುವಂತಿಲ್ಲ, ನಗದಾಗಿಯೇ ಕಟ್ಟಬೇಕು. ಸಾಲ ತಂದು ಕಟ್ಟಿದರು. ಆ ಚಲನ್‌ಗಳನ್ನು ನಾಲ್ಕಾಗಿ ಮಡಚಿ ಹಳೆಯ ಖಾತೆ ಪುಸ್ತಕದೊಳಗೆ ಇಂದಿಗೂ ಇಟ್ಟುಕೊಂಡಿದ್ದಾರೆ.

ಕೆಲವೇ ತಿಂಗಳಲ್ಲಿ, 2018ರ ಡಿಸೆಂಬರ್ 22ರಂದು, ಜಿಎಸ್‌ಟಿ ಮಂಡಳಿ ಹಿಂದಿನ ರಿಟರ್ನ್‌ಗಳನ್ನು 2019ರ ಮಾರ್ಚ್ 31ರೊಳಗೆ ಹಾಕುವವರಿಗೆ ಶುಲ್ಕ ಮನ್ನಾ ಎಂದಿತು. 2020ರಲ್ಲಿ ಮತ್ತೊಂದು ರಿಯಾಯಿತಿ, 2021ರಲ್ಲಿ ಇನ್ನೊಂದು. ಮೂರು ಸಲವೂ ಅನುಕೂಲವಾದದ್ದು ಅಲ್ಲಿಯವರೆಗೆ ಹಾಕದೇ ಉಳಿದವರಿಗೆ. ಮೊದಲೇ ಕಟ್ಟಿದವರಿಗೆ ಹಣ ಮರಳಲಿಲ್ಲ. ಮನ್ನಾ ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಸಾಲ ಮಾಡಿ ಕಟ್ಟಿದವರ ಮಾತನ್ನೂ ಯಾರಾದರೂ ಕೇಳಬೇಕಿತ್ತು. ವ್ಯಾಟ್ ಕಾಲದ ಬಾಕಿಗೆ ರಾಜ್ಯ ತಂದ ‘ಕರ ಸಮಾಧಾನ’ ಯೋಜನೆಗಳಲ್ಲೂ ಅಷ್ಟೇ: ತೆರಿಗೆ ಕಟ್ಟಿದರೆ ದಂಡ, ಬಡ್ಡಿಯಲ್ಲಿ ರಿಯಾಯಿತಿ ಸಿಕ್ಕಿದ್ದು ಬಾಕಿ ಉಳಿಸಿಕೊಂಡವರಿಗೆ.

ನಡುವೆ ಒಳ್ಳೆಯ ತಿದ್ದುಪಡಿಗಳೂ ಆದವು. 2020ರ ಜೂನ್‌ನಿಂದ ನಿಲ್ ರಿಟರ್ನ್ ಅನ್ನು 14409ಕ್ಕೆ ಎಸ್ಎಂಎಸ್ ಕಳಿಸಿಯೇ ಸಲ್ಲಿಸಬಹುದು. ಬಡ್ಡಿಯನ್ನು ಸಾಮಾನ್ಯವಾಗಿ ನಗದಾಗಿ ಕಟ್ಟಬೇಕಾದ ಮೊತ್ತದ ಮೇಲಷ್ಟೇ ಲೆಕ್ಕ ಹಾಕಬೇಕೆಂದು 2021ರಲ್ಲಿ ಕಾಯ್ದೆ ತಿದ್ದಿ, 2017ರ ಜುಲೈನಿಂದಲೇ ಅನ್ವಯಿಸಿದರು. 2021ರ ಜೂನ್ ತಿಂಗಳ ರಿಟರ್ನ್‌ನಿಂದ ನಿಲ್‌ಗೆ 500 ರೂಪಾಯಿ, ಒಂದೂವರೆ ಕೋಟಿವರೆಗಿನ ವಹಿವಾಟಿಗೆ 2,000, ಐದು ಕೋಟಿವರೆಗೆ 5,000 ರೂಪಾಯಿ ಎಂದು ಒಂದು ರಿಟರ್ನ್‌ನ ವಿಳಂಬ ಶುಲ್ಕಕ್ಕೆ ಮಿತಿ ಬಂತು. ಅದೇ ಸೀರೆ ಅಂಗಡಿಯ ಆರು ತಿಂಗಳಿಗೆ ಈ ಲೆಕ್ಕದಲ್ಲಿ 3,000 ದಾಟುತ್ತಿರಲಿಲ್ಲ.

ಈಗಿನ ಹೊಸ ಗಂಟು ಬೇರೆ. ಗಡುವು ಮುಗಿದು ಮೂರು ವರ್ಷ ಕಳೆದ ರಿಟರ್ನ್‌ಗಳನ್ನು 2025ರಿಂದ ಪೋರ್ಟಲ್ ಸ್ವೀಕರಿಸುತ್ತಿಲ್ಲ. ಶುಲ್ಕ ಕಟ್ಟುತ್ತೇನೆಂದರೂ ಬಾಗಿಲು ಮುಚ್ಚಿದೆ. ಅಂಗಡಿ ಮುಚ್ಚುವವರು ಅದೇ ವಾರ ನೋಂದಣಿ ರದ್ದತಿಗೆ ಅರ್ಜಿ ಹಾಕುವುದು ಒಳ್ಳೆಯದು, ರದ್ದಾದ ಮೂರು ತಿಂಗಳೊಳಗೆ ಅಂತಿಮ ರಿಟರ್ನ್ ಕೂಡ ಸಲ್ಲಿಸಬೇಕು.