ಜಾರಿಕೆಯೋ ಹಿಡಿತವೋ: ಟೈರು ಮತ್ತು ನೆಲ ಬದಲಿಸಿದ ಒಂದು ವಾದ

ಕಲಬುರಗಿಯ ರಿಂಗ್ ರೋಡಿನ ಚಹಾ ಅಂಗಡಿಗಳಲ್ಲಿ ಕಾರಿನ ಹುಚ್ಚು ಹತ್ತಿದ ಹುಡುಗರು ಸೇರಿದರೆ ಒಂದು ವಾದ ಎದ್ದೇ ಏಳುತ್ತದೆ. ತಿರುವಿನಲ್ಲಿ ಹಿಂದಿನ ಗಾಲಿಗಳನ್ನು ಬೇಕೆಂದೇ ಜಾರಿಸಿ ಗಾಡಿಯನ್ನು ಅಡ್ಡಡ್ಡ ಒಯ್ಯುವ ಡ್ರಿಫ್ಟಿಂಗ್ ಹೆಚ್ಚೋ, ನಾಲ್ಕೂ ಗಾಲಿಗಳನ್ನು ರಸ್ತೆಗೆ ಕಚ್ಚಿಸಿಕೊಂಡು ಸಾಗುವ ಗ್ರಿಪ್ ಡ್ರೈವಿಂಗ್ ಹೆಚ್ಚೋ ಎಂಬುದು ಆ ವಾದ. ಒಂದು ಪಕ್ಷದವರು ಫೋನಿನಲ್ಲಿ ಜಪಾನಿನ ಘಾಟಿ ರಸ್ತೆಗಳನ್ನು ತೋರಿಸುತ್ತಾರೆ, ಇನ್ನೊಂದು ಪಕ್ಷದವರು ಫಾರ್ಮುಲಾ ಒನ್ ತೋರಿಸುತ್ತಾರೆ, "ಗಾಡಿ ಜಾರಸ್ಲಿಕ್ಕಿ ಎಲ್ಲಾರ್ಗೂ ಬರ್ತದ, ಹಿಡೀಲಿಕ್ಕಿ ಬರ್ತದೇನು?" ಎಂದು ಹಿರಿಯ ಚಾಲಕನೊಬ್ಬ ಕೇಳಿದಾಗ ಮಾತು ನಿಲ್ಲುತ್ತದೆಯೇ ಹೊರತು ವಾದ ಬಗೆಹರಿಯುವುದಿಲ್ಲ. ಬಗೆಹರಿಯದಿರಲು ಕಾರಣವಿದೆ: ಈ ಪ್ರಶ್ನೆಯ ಉತ್ತರ ಕಳೆದ ತೊಂಬತ್ತು ವರ್ಷಗಳಲ್ಲಿ ಒಮ್ಮೆ ಪೂರ್ತಿ ತಿರುಗಿಬಿದ್ದಿದೆ, ಮತ್ತು ಅದನ್ನು ತಿರುಗಿಸಿದ್ದು ಟೈರು.

ತಿರುವಿನಲ್ಲಿ ಗಾಲಿ ಮುಖ ಮಾಡಿದ ದಿಕ್ಕಿಗೂ ಅದು ನಿಜವಾಗಿ ಸಾಗುವ ದಿಕ್ಕಿಗೂ ಸಣ್ಣ ವ್ಯತ್ಯಾಸ ಇದ್ದೇ ಇರುತ್ತದೆ. ರಬ್ಬರು ಬಾಗಿಕೊಳ್ಳುವುದರಿಂದ ಹುಟ್ಟುವ ಈ ಕೋನಕ್ಕೆ ಸ್ಲಿಪ್ ಆಂಗಲ್ ಎನ್ನುತ್ತಾರೆ. ಒಣ ಡಾಂಬರಿನ ಮೇಲೆ ಸಾಮಾನ್ಯ ಕಾರಿನ ಟೈರಿನಲ್ಲಿ ಈ ಕೋನ ಸುಮಾರು 6ರಿಂದ 10 ಡಿಗ್ರಿ ಮುಟ್ಟುವವರೆಗೆ ಅಡ್ಡ ಹಿಡಿತ ಹೆಚ್ಚುತ್ತ ಹೋಗಿ, ಅಲ್ಲಿಂದಾಚೆ ಇಳಿಯತೊಡಗುತ್ತದೆ. ಗ್ರಿಪ್ ಚಾಲಕ ಆ ತುದಿಯ ಆಸುಪಾಸಿನಲ್ಲೇ ಗಾಡಿಯನ್ನು ಇರಿಸಿಕೊಳ್ಳುತ್ತಾನೆ. ಡ್ರಿಫ್ಟ್ ಚಾಲಕ ಹಿಂದಿನ ಗಾಲಿಗಳನ್ನು ತುದಿ ದಾಟಿಸಿ, ಸ್ಟೀರಿಂಗನ್ನು ತಿರುವಿನ ಎದುರು ದಿಕ್ಕಿಗೆ ಹೊರಳಿಸಿ, ಆಕ್ಸಿಲರೇಟರಿನ ಮೇಲೆ ಗಾಡಿಯನ್ನು ತೂಗಿಸುತ್ತಾನೆ. ಅವನ ಮುಂದಿನ ಗಾಲಿಗಳು ಆಗಲೂ ರಸ್ತೆಯನ್ನು ಹಿಡಿದೇ ಇರಬೇಕು, ಇಲ್ಲವಾದರೆ ಗಾಡಿ ಚಾಲಕನ ಹತೋಟಿಗೆ ಸಿಗುವುದಿಲ್ಲ.

1930ರ ದಶಕದ ರೇಸ್ ಕಾರುಗಳಿಗೆ ಕಿರಿದಾದ, ಗಡುಸಾದ ಟೈರುಗಳಿದ್ದವು. ಅವು ಹೇಗೂ ಜಾರುತ್ತಿದ್ದುದರಿಂದ ಜಾರಿಕೆಯನ್ನು ಪಳಗಿಸಿದವನೇ ವೇಗದ ಚಾಲಕನಾಗುತ್ತಿದ್ದ. ಇಟಲಿಯ ತಾಜಿಯೊ ನುವೊಲಾರಿ ನಾಲ್ಕೂ ಗಾಲಿಗಳನ್ನು ಒಟ್ಟಿಗೆ ಜಾರಿಸುತ್ತ ತಿರುವು ದಾಟುತ್ತಿದ್ದರು. ಆ ವಿಧಾನವನ್ನು ಕಂಡುಕೊಂಡವರೇ ಅವರೆಂಬುದು ಫೆರಾರಿ ಕಾರು ಕಂಪನಿ ಕಟ್ಟಿದ ಎಂಜೊ ಫೆರಾರಿಯವರ ಅಭಿಪ್ರಾಯವಾಗಿತ್ತು. ಅರ್ಜೆಂಟೀನಾದ ಚಾಲಕ ಹುವಾನ್ ಮ್ಯಾನುಯೆಲ್ ಫಾಂಜಿಯೊ 1957ರಲ್ಲಿ ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನಲ್ಲಿ ಮಾಸೆರಾಟಿ 250ಎಫ್ ಕಾರನ್ನು ಗೆಲ್ಲಿಸಿದ್ದೂ ಇದೇ ಕೈಚಳಕದಿಂದ. ಆಮೇಲೆ ಟೈರುಗಳು ಅಗಲವಾದವು, 1968ರಲ್ಲಿ ಫಾರ್ಮುಲಾ ಒನ್ ಕಾರುಗಳಿಗೆ, ಗಾಳಿಯ ಒತ್ತಡದಿಂದ ಗಾಡಿಯನ್ನು ನೆಲಕ್ಕೆ ಒತ್ತಿಹಿಡಿಯುವ ರೆಕ್ಕೆಗಳು ಬಂದವು, 1971ರಲ್ಲಿ ಗೆರೆಗಳೇ ಇಲ್ಲದ ನುಣುಪು ಟೈರು ಬಂತು. ಇಂಥ ಟೈರನ್ನು ಅಡ್ಡ ಜಾರಿಸಿದರೆ ಅದು ಬಿಸಿಯೇರಿ ಸವೆಯುತ್ತದೆ, ವೇಗವೂ ಬೀಳುತ್ತದೆ. ಗಡಿಯಾರದ ಎದುರು ಡಾಂಬರಿನ ಮೇಲೆ ಡ್ರಿಫ್ಟ್ ಸೋತದ್ದು ಅಲ್ಲಿಗೆ.

ಸೋತ ವಿದ್ಯೆ ಜಪಾನಿನಲ್ಲಿ ಬೇರೆ ರೂಪದಲ್ಲಿ ಬದುಕಿಕೊಂಡಿತು. 1961ರಲ್ಲಿ ಮೋಟಾರ್‌ಸೈಕಲ್ ವಿಶ್ವ ಗ್ರ್ಯಾನ್ ಪ್ರಿ ಗೆದ್ದ ಮೊದಲ ಜಪಾನಿ ಸವಾರರಾದ ಕುನಿಮಿತ್ಸು ತಾಕಾಹಾಶಿ, ಕಾರು ರೇಸಿಗೆ ಬಂದ ಮೇಲೆ 1970ರ ದಶಕದ ಆರಂಭದಲ್ಲಿ ನಿಸ್ಸಾನ್ ಸ್ಕೈಲೈನ್ ಅನ್ನು ಹೊಗೆಯೆಬ್ಬಿಸುತ್ತ ತಿರುವಿಗೆ ಒಗೆಯುತ್ತಿದ್ದರು. ಅದನ್ನು ಕಂಡು ಬೆಳೆದ ಕೇಯಿಚಿ ತ್ಸುಚಿಯಾ ಹಗುರವಾದ, ಹಿಂಗಾಲಿ ಚಾಲನೆಯ (ಎಂಜಿನ್ನಿನ ಬಲ ಹಿಂದಿನ ಗಾಲಿಗಳಿಗೆ ಹೋಗುವ) ಟೊಯೊಟಾ ಎಇ86 ಕಾರಿನಲ್ಲಿ ಘಾಟಿ ರಸ್ತೆಗಳ ಮೇಲೆ ಪಳಗಿ, 1987ರಲ್ಲಿ ಹೊರಬಂದ ವಿಡಿಯೊ ಒಂದರಿಂದ ಮನೆಮಾತಾದರು. ತಡರಾತ್ರಿ ಸಾರ್ವಜನಿಕ ಘಾಟಿಯಲ್ಲಿ ಹಾಗೆ ಓಡಿಸಿದ್ದನ್ನು ಮೆಚ್ಚಲಾಗದು, ಆದರೆ ಚರಿತ್ರೆ ಅಲ್ಲಿಂದಲೇ ಹಾದು ಬಂದಿದೆ.

ನಮ್ಮ ಎರಡೂ ಪಕ್ಷಗಳು ಮರೆಯುವ ಸಂಗತಿಯೊಂದಿದೆ. 1995ರಲ್ಲಿ ಫ್ರಾನ್ಸಿನ ಲ ಮಾನ್ 24 ಗಂಟೆಗಳ ರೇಸಿನಲ್ಲಿ, ಬಹುಪಾಲು ಮಳೆಯಲ್ಲೇ ನಡೆದ ಆ ಸ್ಪರ್ಧೆಯಲ್ಲಿ, ಜಿಟಿ2 ವರ್ಗವನ್ನು ಗೆದ್ದ ಹೋಂಡಾ ಎನ್‌ಎಸ್‌ಎಕ್ಸ್ ಕಾರನ್ನು ಓಡಿಸಿದವರಲ್ಲಿ ಇಬ್ಬರು ಇದೇ ತಾಕಾಹಾಶಿ ಮತ್ತು ತ್ಸುಚಿಯಾ. ಮೂರನೆಯವರು ಅಕಿರಾ ಈದಾ. ಡ್ರಿಫ್ಟಿನ ಪಿತಾಮಹನೆನಿಸಿದ ತಾಕಾಹಾಶಿಯೂ ಡ್ರಿಫ್ಟಿನ ರಾಜನೆನಿಸಿದ ತ್ಸುಚಿಯಾ ಅವರೂ ತಮ್ಮ ದೊಡ್ಡ ಗೆಲುವೊಂದನ್ನು ಪಡೆದದ್ದು ಹಿಡಿತ ಬಿಡದೆ ಓಡಿಸಿ. ಗಾಡಿ ಜಾರತೊಡಗುವ ಕ್ಷಣ ಮೈಗೆ ತಿಳಿದವನಿಗೆ ಅದನ್ನು ತಡೆಯುವುದೂ ತಿಳಿದಿರುತ್ತದೆ ಎಂದೇ ನಾನು ಇದನ್ನು ಅರ್ಥ ಮಾಡಿಕೊಂಡಿದ್ದೇನೆ.

2000ದ ಹೊತ್ತಿಗೆ ತ್ಸುಚಿಯಾ ಮತ್ತು ಪತ್ರಕರ್ತ ದೈಜಿರೊ ಇನಾದಾ ಸೇರಿ ಡಿ1 ಗ್ರ್ಯಾನ್ ಪ್ರಿ ಎಂಬ ಡ್ರಿಫ್ಟ್ ಸ್ಪರ್ಧಾ ಸರಣಿ ಕಟ್ಟಿದರು. 2004ರಲ್ಲಿ ಅಮೆರಿಕದಲ್ಲಿ ಫಾರ್ಮುಲಾ ಡ್ರಿಫ್ಟ್ ಸರಣಿ ಶುರುವಾಯಿತು. ಇಲ್ಲಿ ಯಾರು ಬೇಗ ಮುಟ್ಟಿದರು ಎಂದು ಎಣಿಸುವುದಿಲ್ಲ. ಗಾಡಿಯ ಕೋನ, ಹಿಡಿದ ದಾರಿ, ಓಡಿಸಿದ ರೀತಿ ನೋಡಿ ತೀರ್ಪುಗಾರರು ಅಂಕ ಕೊಡುತ್ತಾರೆ. ಹಾಗಾಗಿ ಎರಡರಲ್ಲಿ ಯಾವುದು ವೇಗ ಎಂಬ ಪ್ರಶ್ನೆ ಡಾಂಬರಿನ ಮಟ್ಟಿಗೆ ಎಂದೋ ಮುಗಿದಿದೆ.

ಮಣ್ಣಿನ ಮಟ್ಟಿಗೆ ಮುಗಿದಿಲ್ಲ. ಸಡಿಲ ಗರಸಿನ ಮೇಲೆ ಅಡ್ಡ ಜಾರುವ ಗಾಲಿಯ ಪಕ್ಕಕ್ಕೆ, ರಂಟಿಯ ಮಗ್ಗುಲಿಗೆ ಮಣ್ಣು ಒಟ್ಟಿಕೊಳ್ಳುವಂತೆ, ಕಲ್ಲು ಮಣ್ಣು ಒಟ್ಟಿಕೊಂಡು ಗಾಡಿಗೆ ಆನಿಕೆ ಕೊಡುತ್ತದೆ. ರ‍್ಯಾಲಿ ಚಾಲಕರು ಇಂದಿಗೂ ಜಾರಿಸುವುದು ಅದಕ್ಕೇ. ಬೀದರಿನ ಕೆಂಪು ಜಂಬಿಟ್ಟಿಗೆ ನೆಲದ ಮುರುಮಿನ ದಾರಿಗಳಿಗೆ ಈ ಮಾತು ಹೊಂದುತ್ತದೆ. ಕಲಬುರಗಿ, ಯಾದಗಿರಿಗಳ ಎರೆ ನೆಲಕ್ಕೆ ಹೊಂದುವುದಿಲ್ಲ: ನೆನೆದ ಎರೆಮಣ್ಣು ಟೈರಿನ ಗೆರೆಗಳನ್ನು ತುಂಬಿಕೊಂಡು ಅದನ್ನು ನುಣುಪಾಗಿಸುತ್ತದೆ, ಅಲ್ಲಿ ಯಾವ ಕೋನದಲ್ಲೂ ಆನಿಕೆ ಸಿಗುವುದಿಲ್ಲ. ಮಳೆಗಾಲದಲ್ಲಿ ಚಿತ್ತಾಪುರ ಅಥವಾ ಶಹಾಪುರ ಕಡೆಯ ಕಿರಿದಾದ ರಸ್ತೆಯಲ್ಲಿ ಎದುರಿಗೆ ಬಂದ ಟ್ರಾಲಿಗೆ ದಾರಿ ಬಿಡಲೆಂದು ಎಡಗಾಲಿಗಳನ್ನು ಡಾಂಬರಿನಿಂದ ಗೇಣುದ್ದ ಕೆಳಗಿಳಿಸಿದರೆ ಸಾಕು, ಗಾಡಿ ಹೊಲದ ಕಡೆ ಎಳೆಯತೊಡಗುತ್ತದೆ. ಗಾಬರಿಯಿಂದ ಸ್ಟೀರಿಂಗನ್ನು ಬಲಕ್ಕೆ ಪೂರ್ತಿ ತಿರುಗಿಸಿದವನ ಗಾಡಿ ಮೊದಲು ಜಗ್ಗುವುದಿಲ್ಲ; ಎಡಗಾಲಿ ಡಾಂಬರಿನ ಅಂಚು ಹತ್ತಿದ ಕೂಡಲೇ ಹಿಡಿತ ಒಮ್ಮೆಗೇ ಮರಳಿ ಎದುರು ಬದಿಗೆ ನುಗ್ಗುತ್ತದೆ. ಬ್ರೇಕ್ ಒತ್ತದೆ, ಆಕ್ಸಿಲರೇಟರ್ ಬಿಟ್ಟು, ಸ್ಟೀರಿಂಗ್ ನೆಟ್ಟಗೆ ಹಿಡಿದು, ವೇಗ ಇಳಿದ ಮೇಲೆ ಮೆಲ್ಲಗೆ ಮೇಲೇರಿಸುವುದೇ ಉಪಾಯ.

ನಮ್ಮ ಗಾಡಿಗಳ ವಿಷಯವೂ ಇದೆ. ಅಂಬಾಸಿಡರ್, ಪದ್ಮಿನಿಗಳು ಹಿಂಗಾಲಿ ಚಾಲನೆಯವು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಮುಂಗಾಲಿ ಚಾಲನೆಯೇ ರೂಢಿಯಾಯಿತು. ಇಂದು ಮನೆ ಮುಂದೆ ನಿಂತಿರುವ ಸಣ್ಣ ಕಾರುಗಳಲ್ಲಿ ಹೆಚ್ಚಿನವುಗಳ ಹಿಂದಿನ ಗಾಲಿಗೆ ಎಂಜಿನ್ನಿನ ಬಲವೇ ತಲುಪುವುದಿಲ್ಲವಾದ್ದರಿಂದ, ಹ್ಯಾಂಡ್‌ಬ್ರೇಕ್ ಎಳೆದು ಹಿಂಭಾಗವನ್ನು ಒಮ್ಮೆ ತಿರುಗಿಸಬಹುದೇ ಹೊರತು ಆ ಜಾರಿಕೆಯನ್ನು ಆಕ್ಸಿಲರೇಟರಿನಿಂದ ಬೆಳೆಸಲಾಗದು. ಸ್ವೀಡನ್ನಿನ ಎರಿಕ್ ಕಾರ್ಲ್‌ಸನ್ 1962 ಮತ್ತು 1963ರಲ್ಲಿ ಮುಂಗಾಲಿ ಚಾಲನೆಯ ಸಾಬ್ 96ರಲ್ಲೇ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದರು ನಿಜ, ಆದರೆ ಅವರು ಎಡಗಾಲಲ್ಲಿ ಬ್ರೇಕ್ ಒತ್ತುತ್ತ, ಬಲಗಾಲಲ್ಲಿ ಆಕ್ಸಿಲರೇಟರ್ ಬಿಡದೆ ಓಡಿಸುವ ಬೇರೆಯದೇ ಪಾಠ ಕಲಿತವರು. ಹಿಂಗಾಲಿ ಚಾಲನೆಯ ಬೊಲೆರೊ, ಸ್ಕಾರ್ಪಿಯೊಗಳು ಎತ್ತರದ ಗಾಡಿಗಳು. ಅಡ್ಡ ಜಾರುವಾಗ ಗಾಲಿಗೆ ಏನಾದರೂ ತಡೆದರೆ ಮಗುಚುತ್ತವೆ.

ಇನ್ನು ಕಾನೂನು. ಸಾರ್ವಜನಿಕ ರಸ್ತೆಯಲ್ಲಿ ಡ್ರಿಫ್ಟ್ ಮಾಡಿದರೆ 1988ರ ಮೋಟಾರು ವಾಹನ ಕಾಯ್ದೆಯ 184ನೇ ಕಲಮಿನಡಿ ಅಪಾಯಕಾರಿ ಚಾಲನೆಯಾಗುತ್ತದೆ. ರೇಸು ನಡೆಸಿದರೆ 189ನೇ ಕಲಮು ಅನ್ವಯಿಸುತ್ತದೆ. 2019ರ ತಿದ್ದುಪಡಿಯ ಪ್ರಕಾರ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿ ದಂಡ ಅಥವಾ ಎರಡೂ. ಆದರೆ ಅದೇ 189ನೇ ಕಲಮು ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆ ಇರುವ ಸ್ಪರ್ಧೆಗೆ ಬಾಗಿಲು ತೆರೆದೇ ಇಟ್ಟಿದೆ. ಜಾರಿಕೆ ಕಲಿಯಲು ಉದ್ದನೆಯ ಟ್ರ್ಯಾಕ್ ಬೇಕಿಲ್ಲ. ನೀರು ಚಿಮುಕಿಸಿದ ನುಣುಪು ಕಾಂಕ್ರೀಟು ಅಂಗಳದಲ್ಲಿ ಕಡಿಮೆ ವೇಗದಲ್ಲೇ ಟೈರು ಹಿಡಿತ ಬಿಡುವುದನ್ನೂ ಮರಳಿ ಹಿಡಿಯುವುದನ್ನೂ ಕಲಿಸಬಹುದು. ವಾಡಿ, ಸೇಡಂಗಳ ಸಿಮೆಂಟು ಊರೂರಿಗೆ ಹೋಗುವ ಈ ಜಿಲ್ಲೆಗೆ ಕಾಂಕ್ರೀಟು ಹೊಂದಿಸುವುದೇನೂ ಕಷ್ಟವಲ್ಲ. ಬೇಕಾಗಿರುವುದು ಜಾಗ, ಬದಿಯಲ್ಲೊಂದು ಆಂಬ್ಯುಲೆನ್ಸ್ ಮತ್ತು ಅಧಿಕಾರಿಯ ಸಹಿ.