ಬಜೆಟ್ ಕಡಿಮೆ ಇದ್ದಾಗ ಗೇಮಿಂಗ್ ಲ್ಯಾಪ್‌ಟಾಪ್: ಸ್ಟಿಕ್ಕರ್ ಬಿಟ್ಟು ವ್ಯಾಟ್ ಓದಿ

ಲ್ಯಾಪ್‌ಟಾಪ್ ರಿಪೇರಿ ನನ್ನ ಕೆಲಸ. ನನ್ನ ಟೇಬಲ್ಲಿಗೆ ಬರುವ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಕೆಟ್ಟಿರುವುದೇ ಇಲ್ಲ. ‘ಹೊಸದು, ಆದ್ರೂ ಗೇಮ್ ತಡೆದು ತಡೆದು ಓಡ್ತಿದೆ’ ಎಂದು ತಂದಿರುತ್ತಾರೆ. ಬಿಚ್ಚಿ ನೋಡಿದರೆ ಒಳಗೆ ಎಲ್ಲಾ ಸರಿಯಾಗಿಯೇ ಇರುತ್ತದೆ. ಎಡವಟ್ಟಾಗಿರುವುದು ಕೊಂಡ ದಿನ. ಅದನ್ನು ಸ್ಕ್ರೂಡ್ರೈವರ್ ಹಿಡಿದು ಸರಿಪಡಿಸಲು ಆಗುವುದಿಲ್ಲ.

ಕೈಯಲ್ಲಿ ದುಡ್ಡು ಕಡಿಮೆ ಇದ್ದಾಗ ಒಂದೇ ಒಂದು ಲೆಕ್ಕ ಇಟ್ಟುಕೊಳ್ಳಿ. ಮುಂದೆ ಬದಲಾಯಿಸಲು ಆಗದ ಭಾಗಗಳಿಗೆ ಇವತ್ತು ದುಡ್ಡು ಹಾಕಿ. ಬದಲಾಯಿಸಲು ಆಗುವುದನ್ನು ಆಮೇಲೆ ನೋಡಿಕೊಳ್ಳಬಹುದು. ಗ್ರಾಫಿಕ್ಸ್ ಚಿಪ್, ಅದರ ಮೆಮೊರಿ, ಪ್ರೊಸೆಸರ್ ಮೂರೂ ಬೋರ್ಡಿಗೆ ಬೆಸುಗೆ ಆಗಿರುತ್ತವೆ. ಕೂಲಿಂಗ್ ಮತ್ತು ಬಾಡಿ ಹೇಗೆ ಬಂದಿವೆಯೋ ಹಾಗೇ ಉಳಿಯುತ್ತವೆ. ಎಸ್‌ಎಸ್‌ಡಿ ಮತ್ತು ಬಹುತೇಕ ಮಾಡೆಲ್‌ಗಳಲ್ಲಿ ರ‍್ಯಾಮ್ ಮಾತ್ರ ಹೊರಗಿನಿಂದ ಹಾಕಬಹುದಾದ ಭಾಗಗಳು. ಜಾಹೀರಾತು ಇದಕ್ಕೆ ತದ್ವಿರುದ್ಧ ಮಾಡುತ್ತದೆ. 1 ಟಿಬಿ ಸ್ಟೋರೇಜ್, ಬಣ್ಣದ ಕೀಬೋರ್ಡ್ ದೊಡ್ಡ ಅಕ್ಷರದಲ್ಲಿರುತ್ತವೆ. ಗ್ರಾಫಿಕ್ಸ್ ಚಿಪ್ಪಿಗೆ ಎಷ್ಟು ವ್ಯಾಟ್ ಕೊಟ್ಟಿದ್ದಾರೆ ಎನ್ನುವುದು ಎಲ್ಲೋ ಕೆಳಗೆ, ಸಣ್ಣ ಅಕ್ಷರದಲ್ಲಿ.

ಆ ವ್ಯಾಟ್ ವಿಷಯವನ್ನೇ ಮೊದಲು ಹೇಳುತ್ತೇನೆ. ಅತಿ ಹೆಚ್ಚು ಜನ ಮೋಸ ಹೋಗುವುದು ಅಲ್ಲೇ.

ಆರ್‌ಟಿಎಕ್ಸ್ 4060 (ಎನ್ವಿಡಿಯಾ ಕಂಪನಿಯ ಒಂದು ಗ್ರಾಫಿಕ್ಸ್ ಚಿಪ್) ಎಂಬ ಸ್ಟಿಕ್ಕರ್ ಇರುವ ಎರಡು ಲ್ಯಾಪ್‌ಟಾಪ್ ಒಂದೇ ವೇಗದಲ್ಲಿ ಓಡಬೇಕೆಂದೇನಿಲ್ಲ. ಈ ಚಿಪ್ಪನ್ನು 35 ವ್ಯಾಟಿನಿಂದ 115 ವ್ಯಾಟಿನವರೆಗೆ ಎಲ್ಲಿ ಬೇಕಾದರೂ ಕೂರಿಸಲು ತಯಾರಕರಿಗೆ ಎನ್ವಿಡಿಯಾ ಅವಕಾಶ ಕೊಟ್ಟಿದೆ. ಆರ್‌ಟಿಎಕ್ಸ್ 4050ಕ್ಕೂ ಅದೇ ಮಿತಿ. ತೆಳ್ಳಗಿನ ಲ್ಯಾಪ್‌ಟಾಪಿನಲ್ಲಿ ಶಾಖ ಹೊರಗೆ ಹಾಕಲು ಜಾಗವಿಲ್ಲ. ಹಾಗಾಗಿ ಅದೇ ಚಿಪ್ಪನ್ನು ಕಡಿಮೆ ವ್ಯಾಟಿಗೆ ಕಟ್ಟಿಹಾಕುತ್ತಾರೆ. 45 ವ್ಯಾಟಿನ 4060ಕ್ಕಿಂತ ಪೂರ್ತಿ ವ್ಯಾಟ್ ಸಿಕ್ಕ 4050 ಹಲವು ಗೇಮ್‌ಗಳಲ್ಲಿ ಮುಂದಿರುತ್ತದೆ. ಹೆಸರಿಗೆ ಜಾಸ್ತಿ ದುಡ್ಡು ಕೊಟ್ಟು ಕಡಿಮೆ ವೇಗ ತಂದುಕೊಂಡ ಹಾಗಾಯಿತು, ಅಲ್ವಾ?

ಇನ್ನೊಂದು ತುದಿಗೂ ಹೋಗಬೇಡಿ. ಕೆಲವರು 140 ವ್ಯಾಟ್ ಎಂದು ದೊಡ್ಡದಾಗಿ ಬರೆಯುತ್ತಾರೆ. ಅದರಲ್ಲಿ 25 ವ್ಯಾಟ್ ಡೈನಾಮಿಕ್ ಬೂಸ್ಟ್, ಅಂದರೆ ಪ್ರೊಸೆಸರಿಗೆ ಬೇಡವಾದಾಗ ಅದರ ಪಾಲಿನಿಂದ ಎರವಲು ಬರುವ ಕರೆಂಟು. 4060ರಲ್ಲಿ ಸುಮಾರು 100 ವ್ಯಾಟ್ ದಾಟಿದ ಮೇಲೆ ಸಿಗುವ ಲಾಭ ತೀರಾ ಕಡಿಮೆ. 90ರಿಂದ 100 ವ್ಯಾಟ್ ಇದ್ದರೆ ಸಾಕು, ಅದರ ಮೇಲಿನದಕ್ಕೆ ದುಡ್ಡು ಸುರಿಯಬೇಡಿ.

ವ್ಯಾಟ್ ಎಷ್ಟೆಂದು ತಿಳಿಯುವುದು ಹೇಗೆ? ತಯಾರಕರ ವೆಬ್‌ಸೈಟಿನಲ್ಲಿ ಆ ಮಾಡೆಲ್‌ನ ಪೂರ್ತಿ ವಿವರದ ಪುಟ ತೆಗೆಯಿರಿ. ಅಲ್ಲಿ ಟಿಜಿಪಿ (ಗ್ರಾಫಿಕ್ಸ್ ಚಿಪ್ಪಿಗೆ ಸಿಗುವ ಒಟ್ಟು ವ್ಯಾಟ್) ಅಥವಾ ಮ್ಯಾಕ್ಸಿಮಮ್ ಗ್ರಾಫಿಕ್ಸ್ ಪವರ್ ಎಂಬ ಸಾಲು ಹುಡುಕಿ. ಮಾಡೆಲ್ ಹೆಸರು ಒಂದೇ ಇದ್ದು ಕೊನೆಯ ಎರಡು ಅಕ್ಷರ ಬೇರೆಯಾದರೂ ವ್ಯಾಟ್ ಬದಲಾಗಬಹುದು, ಪೂರ್ತಿ ಕೋಡ್ ಹೊಂದಿಸಿ ನೋಡಿ. ಕೈಯಲ್ಲಿ ಲ್ಯಾಪ್‌ಟಾಪ್ ಇದ್ದರೆ ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಸಿಸ್ಟಮ್ ಇನ್ಫರ್ಮೇಶನ್ ಒತ್ತಿದರೆ ಸಿಗುತ್ತದೆ.

ಎಲ್ಲೂ ಬರೆದಿಲ್ಲವೇ? ಚಾರ್ಜರ್ ತಿರುಗಿಸಿ ನೋಡಿ. ಅದರ ಮೇಲೆ ಔಟ್‌ಪುಟ್ ಎಂದು ವೋಲ್ಟ್ ಮತ್ತು ಆಂಪಿಯರ್ ಇರುತ್ತದೆ. ಎರಡನ್ನೂ ಗುಣಿಸಿ. 20 ವೋಲ್ಟ್, 11.5 ಆಂಪಿಯರ್ ಇದ್ದರೆ 230 ವ್ಯಾಟ್. 20 ವೋಲ್ಟ್, 6.75 ಆಂಪಿಯರ್ ಇದ್ದರೆ 135 ವ್ಯಾಟ್. ಗ್ರಾಫಿಕ್ಸ್ ಚಿಪ್ ಒಂದೇ 115 ವ್ಯಾಟ್ ಎಳೆಯುವುದಾದರೆ ಪ್ರೊಸೆಸರ್, ಸ್ಕ್ರೀನ್, ಫ್ಯಾನ್ ಎಲ್ಲಕ್ಕೂ ಸೇರಿ 135 ಸಾಲುವುದಿಲ್ಲ. ಚಾರ್ಜರ್ ಚಿಕ್ಕದಾಗಿದ್ದರೆ ಒಳಗಿನ ಚಿಪ್ಪಿಗೂ ಅಷ್ಟೇ ಊಟ. ಪೆಟ್ಟಿಗೆಯ ಮೇಲೆ ಏನೇ ಬರೆದಿರಲಿ, ಈ ಗುಣಾಕಾರವನ್ನು ನಾನು ಹೆಚ್ಚು ನಂಬುತ್ತೇನೆ.

ಗ್ರಾಫಿಕ್ಸ್ ಮೆಮೊರಿ ಇನ್ನೊಂದು. ಆರ್‌ಟಿಎಕ್ಸ್ ಸರಣಿಯ 2050 ಚಿಪ್‌ನಲ್ಲಿ 4 ಜಿಬಿ, 3050ರಲ್ಲಿ 4 ಅಥವಾ 6, 4050ರಲ್ಲಿ 6, 4060ರಲ್ಲಿ 8 ಜಿಬಿ ಇರುತ್ತದೆ. 2025ರಲ್ಲಿ ಬಂದ 5050 ಮತ್ತು 5060 ಎರಡರಲ್ಲೂ 8. ಗೇಮಿನ ಚಿತ್ರಗಳು ಈ ಮೆಮೊರಿಯಲ್ಲಿ ಹಿಡಿಸದಿದ್ದರೆ ಮುಖ್ಯ ರ‍್ಯಾಮಿಗೆ ಹೋಗುತ್ತವೆ. ಅಲ್ಲಿಂದ ಪ್ರತಿ ಸಲ ತರಿಸಿಕೊಳ್ಳಬೇಕಾದಾಗ ಆಟ ಗಕ್ಕನೆ ನಿಂತು ಮುಂದೆ ಹೋಗುತ್ತದೆ. ಸರಾಸರಿ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಎಂಬ ಲೆಕ್ಕ) ಚೆನ್ನಾಗಿಯೇ ಕಾಣುತ್ತದೆ, ಆದರೆ ಆಡುವವನಿಗೆ ಹಿಂಸೆ. ವ್ಯಾಲರಂಟ್, ಕೌಂಟರ್ ಸ್ಟ್ರೈಕ್ ತರಹದ ಆಟಗಳನ್ನಷ್ಟೇ ಆಡುವವರಿಗೆ 4 ಜಿಬಿಯಲ್ಲೂ ನಡೆಯುತ್ತದೆ. ಹೊಸ ದೊಡ್ಡ ಆಟಗಳ ಆಸೆ ಇದ್ದರೆ 4 ಜಿಬಿ ಕಡೆ ತಿರುಗಿಯೂ ನೋಡಬೇಡಿ. 6 ಜಿಬಿಯಲ್ಲಿ ಟೆಕ್ಸ್ಚರ್ (ಗೇಮಿನ ವಸ್ತುಗಳ ಮೇಲ್ಮೈ ಚಿತ್ರ) ಸೆಟ್ಟಿಂಗ್ ಇಳಿಸಿಕೊಂಡು ಹೋಗಬಹುದು. ಒಂದೆರಡು ತಿಂಗಳು ಕಾದರೆ 8 ಜಿಬಿಗೆ ಬಜೆಟ್ ಮುಟ್ಟುತ್ತದೆ ಎಂದಾದರೆ ಕಾಯಿರಿ. ಇಡೀ ಖರೀದಿಯಲ್ಲಿ ಕಾಯಿರಿ ಎಂದು ನಾನು ಹೇಳುವುದು ಇದೊಂದಕ್ಕೆ.

ಹಳೆಯ ಜಿಟಿಎಕ್ಸ್ 1650 ಇನ್ನೂ ಅಲ್ಲಲ್ಲಿ ಅಗ್ಗಕ್ಕೆ ಕಾಣುತ್ತದೆ. ಅದರಲ್ಲಿ ಡಿಎಲ್‌ಎಸ್‌ಎಸ್ ಇಲ್ಲ. ಕಡಿಮೆ ರೆಸಲ್ಯೂಶನ್‌ನಲ್ಲಿ ಚಿತ್ರ ಬಿಡಿಸಿ ಅದನ್ನು ದೊಡ್ಡದು ಮಾಡಿ ತೋರಿಸುವ ಈ ತಂತ್ರ ಆರ್‌ಟಿಎಕ್ಸ್ ಚಿಪ್‌ಗಳಲ್ಲಿ ಮಾತ್ರ ಕೆಲಸ ಮಾಡುತ್ತದೆ. ಇನ್ನೊಂದು ಚಿಪ್ ಕಂಪನಿ ಎಎಂಡಿಯ ಇಂಥದೇ ತಂತ್ರ ಎಫ್‌ಎಸ್‌ಆರ್ ಬಹುಪಾಲು ಹಳೆಯ ಚಿಪ್‌ಗಳಲ್ಲೂ ಓಡುತ್ತದೆ, ಆದರೆ 1650ರಲ್ಲಿ ಅದರ ಚಿತ್ರ ಅಷ್ಟು ಸ್ವಚ್ಛವಾಗಿ ಬರುವುದಿಲ್ಲ. ಬಜೆಟ್ ಲ್ಯಾಪ್‌ಟಾಪ್ ಇನ್ನೂ ಎರಡು ವರ್ಷ ಜಾಸ್ತಿ ಬಾಳಲು ಇಂಥ ತಂತ್ರಗಳೇ ಆಸರೆ.

ಪ್ರೊಸೆಸರ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಬೇಡ. ಇಂಟೆಲ್ ಆದರೆ ಹೆಸರಿನ ಕೊನೆಗೆ ಎಚ್ ಅಥವಾ ಎಚ್‌ಎಕ್ಸ್, ಎಎಂಡಿ ಆದರೆ ಎಚ್‌ಎಸ್ ಅಥವಾ ಎಚ್‌ಎಕ್ಸ್ ಇರಲಿ. ಇಂಟೆಲ್‌ನ ಐ5 ಅಥವಾ ಎಎಂಡಿಯ ರೈಜನ್ 5 ಸಾಕು. ಐ7ಗೆ ಕೊಡುವ ದುಡ್ಡನ್ನು ಗ್ರಾಫಿಕ್ಸ್ ಚಿಪ್ಪಿಗೆ ಹಾಕಿ. ಹೆಸರಿನಲ್ಲಿ ಮಾತ್ರ ಒಂದು ಎಚ್ಚರ. ರೈಜನ್ 5 7535ಎಚ್‌ಎಸ್ ಮತ್ತು 7640ಎಚ್‌ಎಸ್ ಎರಡೂ 7000 ಸರಣಿಯವೇ. ಆದರೆ ಮೂರನೇ ಅಂಕಿ ನೋಡಿ. ಮೊದಲನೆಯದರಲ್ಲಿ 3, ಅಂದರೆ 2022ರಲ್ಲಿ ಬಂದ ಝೆನ್ 3 ಪ್ಲಸ್ ವಿನ್ಯಾಸ. ಎರಡನೆಯದರಲ್ಲಿ 4, ಅದು ಹೊಸ ಝೆನ್ 4. ಹಳೆಯದು ಕೆಟ್ಟದ್ದೇನೂ ಅಲ್ಲ, ಹೊಸದರ ಬೆಲೆ ಕೊಡಬೇಡಿ ಅಷ್ಟೇ.

ಈಗ ರ‍್ಯಾಮ್. ‘ತಡೆದು ತಡೆದು ಓಡ್ತಿದೆ’ ಎಂದು ಬಂದ ಲ್ಯಾಪ್‌ಟಾಪಿನ ಹಿಂದಿನ ಮುಚ್ಚಳ ತೆಗೆದಾಗ ನಾನು ಮೊದಲು ನೋಡುವುದೇ ಇಲ್ಲಿ. ಎರಡು ಸ್ಲಾಟ್ ಇರುತ್ತವೆ, ಒಂದರಲ್ಲಿ ಮಾತ್ರ ಕಡ್ಡಿ ಕೂತಿರುತ್ತದೆ, ಇನ್ನೊಂದು ಖಾಲಿ. ಕಡ್ಡಿ ಒಂದೇ ಇದ್ದರೆ ಪ್ರೊಸೆಸರಿಗೆ ಡೇಟಾ ಬರುವ ದಾರಿ ಅರ್ಧಕ್ಕೆ ಇಳಿಯುತ್ತದೆ. 16 ಜಿಬಿಯ ಒಂದು ಕಡ್ಡಿಗಿಂತ 8 ಜಿಬಿಯ ಎರಡು ಕಡ್ಡಿ ಆಟಕ್ಕೆ ಒಳ್ಳೆಯದು. ಬಿಚ್ಚದೆ ನೋಡಬೇಕೆಂದರೆ ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಟ್ಯಾಬಿನಲ್ಲಿ ಮೆಮೊರಿ ಒತ್ತಿ, ಎಷ್ಟು ಸ್ಲಾಟ್ ಬಳಕೆಯಾಗಿದೆ ಎಂದು ತೋರಿಸುತ್ತದೆ. 8 ಜಿಬಿ ಇರುವ ಮಾಡೆಲ್ ತೆಗೆದುಕೊಂಡು ಅಷ್ಟೇ ಸಾಮರ್ಥ್ಯದ, ಅದೇ ವೇಗದ ಇನ್ನೊಂದು ಕಡ್ಡಿ ಹಾಕಿಸಿಕೊಳ್ಳುವುದು ಬಹಳ ಕಾಲದಿಂದ ಉಳಿತಾಯದ ದಾರಿಯಾಗಿತ್ತು. ಆದರೆ ಎಐ ಸರ್ವರ್‌ಗಳ ಬೇಡಿಕೆಯಿಂದ 2025ರ ಕೊನೆಯಲ್ಲಿ ರ‍್ಯಾಮ್ ಬೆಲೆ ಜೋರಾಗಿ ಏರಿತು. ಆದ್ದರಿಂದ ಕೊಳ್ಳುವ ದಿನ ಬಿಡಿ ಕಡ್ಡಿಯ ಬೆಲೆ ಕೂಡಿಸಿ ನೋಡಿ. ಮೊದಲೇ 16 ಇರುವುದು ಅಗ್ಗವಾಗಬಹುದು. ರ‍್ಯಾಮ್ ಬೋರ್ಡಿಗೇ ಬೆಸುಗೆ ಆಗಿದೆಯೇ ಎಂಬುದನ್ನೂ ಕೇಳಿ. ಆಗಿದ್ದು, ಖಾಲಿ ಸ್ಲಾಟ್ ಇಲ್ಲದಿದ್ದರೆ 8 ಜಿಬಿಯದನ್ನು ಬಿಟ್ಟುಬಿಡಿ.

ಸ್ಟೋರೇಜ್ 512 ಜಿಬಿ ಸಾಕು, ಎರಡನೇ ಎಂ.2 ಸ್ಲಾಟ್ (ಎಸ್‌ಎಸ್‌ಡಿ ಕೂರಿಸುವ ಜಾಗ) ಖಾಲಿ ಇದ್ದರೆ. ಬಾಲ್ಡರ್ಸ್ ಗೇಟ್ 3 ಎಂಬ ಆಟ ಒಂದೇ 150 ಜಿಬಿ ಜಾಗ ಕೇಳುತ್ತದೆ, ಹಾಗಾಗಿ ಆ ಸ್ಲಾಟ್ ಬೇಗನೇ ಬೇಕಾಗುತ್ತದೆ.

ಕೂಲಿಂಗ್ ವಿಷಯಕ್ಕೆ ಬರೋಣ. ಇದು ಯಾವ ಪೆಟ್ಟಿಗೆಯ ಮೇಲೂ ಇರುವುದಿಲ್ಲ, ಆದರೆ ನನ್ನ ದಿನವೆಲ್ಲ ಇದರಲ್ಲೇ ಕಳೆಯುತ್ತದೆ. ಮುಚ್ಚಳ ತೆಗೆದರೆ ಎರಡು ಫ್ಯಾನ್, ಅವುಗಳ ನಡುವೆ ಚಪ್ಪಟೆ ತಾಮ್ರದ ಕೊಳವೆಗಳು ಕಾಣುತ್ತವೆ. ಕೊಳವೆಯ ತುದಿಯಲ್ಲಿ ಕಾಗದದಷ್ಟು ತೆಳ್ಳಗಿನ ಲೋಹದ ರೆಕ್ಕೆಗಳ ಸಾಲು. ಫ್ಯಾನ್ ಮತ್ತು ಆ ರೆಕ್ಕೆಗಳ ಮಧ್ಯೆ ಒಂದು ಸಣ್ಣ ಸಂದು ಇದೆ. ಧೂಳು ಅಲ್ಲೇ ಕೂತು ದಪ್ಪ ಬಟ್ಟೆಯ ಪಟ್ಟಿಯಂತೆ ಗಟ್ಟಿಯಾಗುತ್ತದೆ. ಹೊರಗಿನಿಂದ ಎಷ್ಟು ಊದಿದರೂ ಬರುವುದಿಲ್ಲ, ಫ್ಯಾನ್ ಬಿಚ್ಚಿ ಚಿಮಟದಲ್ಲಿ ಹಿಡಿದು ಎಳೆದರೆ ಇಡೀ ಪಟ್ಟಿ ಒಂದೇ ತುಂಡಾಗಿ ಬರುತ್ತದೆ. ಆಮೇಲೆ ಅದೇ ಲ್ಯಾಪ್‌ಟಾಪ್ ಮೊದಲಿನ ವೇಗಕ್ಕೆ ಮರಳುತ್ತದೆ. ಪ್ರೊಸೆಸರ್ 95ರಿಂದ 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ತನ್ನನ್ನು ಉಳಿಸಿಕೊಳ್ಳಲು ತಾನೇ ನಿಧಾನವಾಗುತ್ತದೆ. ಆಟದ ಮೊದಲ ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಸೊರಗುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ.

ಆದ್ದರಿಂದ ಕೊಳ್ಳುವ ಮುಂಚೆ ಆ ಮಾಡೆಲ್‌ನ ಮುಚ್ಚಳ ತೆಗೆದ ವಿಡಿಯೊ ಒಂದನ್ನು ನೋಡಿ. ಎರಡು ಫ್ಯಾನ್ ಇವೆಯೇ, ಗ್ರಾಫಿಕ್ಸ್ ಚಿಪ್ಪಿಗೆ ಬೇರೆಯದೇ ಕೊಳವೆ ಇದೆಯೇ, ಮುಚ್ಚಳದಲ್ಲಿ ಗಾಳಿ ಎಳೆಯಲು ಸಾಕಷ್ಟು ತೂತು ಇವೆಯೇ ಎಂದು ಗಮನಿಸಿ. ಇದೇ ಕಾರಣಕ್ಕೆ ಕಡಿಮೆ ಬಜೆಟ್‌ನಲ್ಲಿ ತೆಳ್ಳಗಿನ, ಹಗುರವಾದ ಗೇಮಿಂಗ್ ಲ್ಯಾಪ್‌ಟಾಪ್ ಬೇಡವೆನ್ನುತ್ತೇನೆ. ತೂಕ ಸ್ವಲ್ಪ ಜಾಸ್ತಿ ಇರಲಿ, ತಣ್ಣಗಿರುತ್ತದೆ. ಕೊಂಡ ಮೇಲೆ ಹಾಸಿಗೆಯ ಮೇಲಿಟ್ಟು ಆಡಬೇಡಿ. ಹಿಂಭಾಗಕ್ಕೆ ಒಂದೆರಡು ಇಂಚು ಎತ್ತರ ಕೊಡಿ. ಫ್ರೇಮ್ ರೇಟನ್ನು ಸ್ಕ್ರೀನಿನ ಮಿತಿಗೆ ಕಟ್ಟಿ ಹಾಕಿ, ಸುಮ್ನೆ ಸುಡುವ ಕರೆಂಟು ಉಳಿಯುತ್ತದೆ.

ಸ್ಕ್ರೀನ್ ನೋಡುವಾಗ 144 ಹರ್ಟ್ಸ್ ಎಂಬುದನ್ನಷ್ಟೇ ನೋಡಬೇಡಿ. 60 ಹರ್ಟ್ಸ್‌ನಲ್ಲಿ ಒಂದು ಚಿತ್ರ 16.7 ಮಿಲಿಸೆಕೆಂಡ್ ನಿಲ್ಲುತ್ತದೆ, 144ರಲ್ಲಿ 6.9. ಆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ, ನಿಜ. ಆದರೆ ಅಗ್ಗದ ಪ್ಯಾನೆಲ್ ಬಣ್ಣ ಬದಲಿಸುವುದೇ ಅದಕ್ಕಿಂತ ನಿಧಾನ, ಹಾಗಾಗಿ ಓಡುವ ವಸ್ತುವಿನ ಹಿಂದೆ ನೆರಳು ಎಳೆಯುತ್ತದೆ. 45 ಪರ್ಸೆಂಟ್ ಎನ್‌ಟಿಎಸ್‌ಸಿ (ಸ್ಕ್ರೀನ್ ತೋರಿಸುವ ಬಣ್ಣಗಳ ಅಳತೆ), 250 ನಿಟ್ಸ್ (ಬೆಳಕಿನ ಅಳತೆ) ಎಂದಿದ್ದರೆ ಬಣ್ಣ ಮಂಕು, ಬೆಳಕೂ ಕಡಿಮೆ ಎಂದು ತಿಳಿಯಿರಿ. ನೂರು ಪರ್ಸೆಂಟ್ ಎಸ್‌ಆರ್‌ಜಿಬಿ (ಇದೂ ಬಣ್ಣದ ಅಳತೆಯೇ) ಇರುವುದು ಸಿಕ್ಕರೆ ಬಿಡಬೇಡಿ. ಆದರೂ ಗ್ರಾಫಿಕ್ಸ್ ಚಿಪ್ಪೋ ಸ್ಕ್ರೀನೋ ಎಂಬ ಪ್ರಶ್ನೆ ಬಂದರೆ ನಾನು ಚಿಪ್ ಆರಿಸುತ್ತೇನೆ. ಹೊರಗಿನ ಮಾನಿಟರ್ ಮುಂದೊಂದು ದಿನ ಜೋಡಿಸಬಹುದು, ಚಿಪ್ ಜೋಡಿಸಲು ಆಗದು. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಎಚ್‌ಡಿಎಂಐ ಪೋರ್ಟ್ ನೇರವಾಗಿ ಗ್ರಾಫಿಕ್ಸ್ ಚಿಪ್ಪಿಗೆ ಸೇರಿರುತ್ತದೆ. ಮಕ್ಸ್ ಸ್ವಿಚ್ (ಲ್ಯಾಪ್‌ಟಾಪಿನ ಸ್ಕ್ರೀನನ್ನು ನೇರವಾಗಿ ಗ್ರಾಫಿಕ್ಸ್ ಚಿಪ್ಪಿಗೆ ಜೋಡಿಸುವ ವ್ಯವಸ್ಥೆ) ಇಲ್ಲದ ಅಗ್ಗದ ಮಾಡೆಲ್‌ಗಳಲ್ಲಿ ಮಾನಿಟರ್ ಹಾಕಿದ ಕೂಡಲೇ ಫ್ರೇಮ್ ರೇಟ್ ಸ್ವಲ್ಪ ಏರುವುದು ಅದಕ್ಕೇ.

ಕೀಲು, ಅಂದರೆ ಹಿಂಜ್ ಕಡೆ ಯಾರೂ ನೋಡುವುದಿಲ್ಲ. ಪ್ಲಾಸ್ಟಿಕ್ ಮುಚ್ಚಳದೊಳಗೆ ಪುಟ್ಟ ಹಿತ್ತಾಳೆ ನಟ್‌ಗಳನ್ನು ಹುದುಗಿಸಿ, ಅವಕ್ಕೆ ಕೀಲಿನ ಸ್ಕ್ರೂ ಬಿಗಿದಿರುತ್ತಾರೆ. ಕೀಲು ಬಿಗಿಯಾದಂತೆ ಪ್ರತಿ ಸಲ ತೆರೆದಾಗ ನಟ್ ಪ್ಲಾಸ್ಟಿಕ್ಕನ್ನು ಕಿತ್ತುಕೊಂಡು ಬರುತ್ತದೆ. ಒಂದು ಮೂಲೆ ಹಿಡಿದು ತೆರೆಯುವವರಲ್ಲಿ ಇದು ಬೇಗ ಆಗುತ್ತದೆ. ಯಾವಾಗಲೂ ನಡುವೆ ಹಿಡಿದು ತೆರೆಯಿರಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದು ತಪ್ಪೇನಲ್ಲ. 6 ಜಿಬಿ ಮೆಮೊರಿಯ ಆರ್‌ಟಿಎಕ್ಸ್ 3060 ಈಗಲೂ ಗಟ್ಟಿ ಚಿಪ್. ಆದರೆ ಮೇಜಿನ ಮೇಲಿಟ್ಟಾಗ ಲ್ಯಾಪ್‌ಟಾಪ್ ಅಲುಗಾಡುತ್ತಿದೆಯೇ, ಟಚ್‌ಪ್ಯಾಡ್ ಮೇಲೆದ್ದು ಕ್ಲಿಕ್ ಆಗದಂತಾಗಿದೆಯೇ ನೋಡಿ. ಎರಡೂ ಬ್ಯಾಟರಿ ಉಬ್ಬಿರುವ ಲಕ್ಷಣ. ಉಬ್ಬಿದ ಬ್ಯಾಟರಿಗೆ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ, ಎಷ್ಟೇ ಅಗ್ಗವಾದರೂ ಬೇಡ.

ಹೊಸದೇ ತಂದಿರಿ ಎನ್ನೋಣ. ವಾಪಸ್ ಕೊಡುವ ಅವಧಿ ಮುಗಿಯುವುದರೊಳಗೆ ಚಾರ್ಜರ್ ಹಾಕಿ, ಪರ್ಫಾರ್ಮೆನ್ಸ್ ಮೋಡ್ ಇಟ್ಟು, ನೀವು ನಿಜವಾಗಿ ಆಡುವ ಗೇಮನ್ನೇ ಒಂದು ಗಂಟೆ ಬಿಡದೆ ಓಡಿಸಿ. ಬ್ಯಾಟರಿಯ ಮೇಲೆ ಪರೀಕ್ಷೆ ಮಾಡಬೇಡಿ, ಆಗ ಗ್ರಾಫಿಕ್ಸ್ ಚಿಪ್ಪಿಗೆ ಪೂರ್ತಿ ವ್ಯಾಟ್ ಸಿಗುವುದೇ ಇಲ್ಲ. ಎಚ್‌ಡಬ್ಲ್ಯುಇನ್ಫೋ ತರಹದ ಉಚಿತ ತಂತ್ರಾಂಶದಲ್ಲಿ ಜಿಪಿಯು ಪವರ್ (ಗ್ರಾಫಿಕ್ಸ್ ಚಿಪ್ ಎಳೆಯುವ ವ್ಯಾಟ್) ಎಂಬ ಸಾಲು ಗಮನಿಸಿ. ಐದನೇ ನಿಮಿಷದಲ್ಲಿ ಒಂದು ಸಲ, ಕೊನೆಯಲ್ಲಿ ಒಂದು ಸಲ ಬರೆದುಕೊಳ್ಳಿ. ಎರಡು ಸಂಖ್ಯೆ ಹತ್ತಿರ ಹತ್ತಿರ ಇದ್ದರೆ ಇಟ್ಟುಕೊಳ್ಳಿ. 95 ವ್ಯಾಟಿನಿಂದ 60ಕ್ಕೆ ಕುಸಿದಿದ್ದರೆ, ಶಾಖವೂ ಏರಿದ್ದರೆ, ಪೆಟ್ಟಿಗೆ ಬಿಸಾಡುವ ಮುಂಚೆ ವಾಪಸ್ ಕಳಿಸಿ.